ಚಪ್ಪಲಿ ಮುಚ್ಚಿಡುವ ಕಾಕಾನ ವೀಸಾ ನೀತಿ

ನಮ್ಮ ಕಾಕಾ ಕಳ್ಳರು. ಕದಿಯುವುದು ಚಪ್ಪಲಿ ಮಾತ್ರ, ಅದೂ ತಮ್ಮದೇ ಮನೆ ಬಾಗಿಲಲ್ಲಿ! ಮಗ್ಗಗಳ ಊರಾದ ಇಚಲಕರಂಜಿಯಲ್ಲಿನ ಅವರ ಮನೆಗೆ ಬಂದವರು ಉಣ್ಣದೆ ಎದ್ದರೆ ಚಪ್ಪಲಿ ಮಾಯ. ಒಮ್ಮೆ ವಿಮೆ ಏಜೆಂಟನೊಬ್ಬ ಹಟ ಹಿಡಿದು ಬರಿಗಾಲಲ್ಲೇ ಪಕ್ಕದ ಕಬನೂರಿಗೆ ಹೋದ. ಕಾಕಾ ಬಿಟ್ಟಾರೆಯೇ? ಸಂಜೆ ಚಪ್ಪಲಿಯ ಜೊತೆ ಊಟದ ಡಬ್ಬಿಯನ್ನೂ ಮುಟ್ಟಿಸಿ ಬಂದರು!

ಈ ಕಳ್ಳತನಕ್ಕೆ ಸಿಕ್ಕಿಬಿದ್ದವಳು ಕೀನ್ಯಾದ ಹುಡುಗಿ. ಮಗ್ಗದಲ್ಲಿ ನೂಲು ಹರಿದರೆ ಫೋನಿಗೆ ಸುದ್ದಿ ಕಳಿಸುವ ಪುಟ್ಟ ಯಂತ್ರ ಮಾಡುವ ಸ್ಟಾರ್ಟಪ್ ಅವಳದು. ಕಾಕಾನ ಮಗ್ಗದ ಶೆಡ್ಡಿನಲ್ಲಿ ಅದನ್ನು ಕೂಡಿಸಿ, ಸಂಜೆಯ ಬಸ್ಸಿಗೆ ಪುಣೆಗೆ ಹೊರಟಿದ್ದಳು. ಬೂಟು ಎಲ್ಲಿ? ಕಾಕಾನ ಹೆಂಡತಿ ಕಾಕು ಬಡಿಸಿದ ರೊಟ್ಟಿ, ಝುಣಕ, ಹಸಿಮೆಣಸಿನಕಾಯಿ ಠೇಚಾ ಉಂಡಳು. ಕಣ್ಣೀರು ಒರೆಸಿಕೊಳ್ಳುತ್ತಲೇ ಇನ್ನೊಂದು ರೊಟ್ಟಿ ಕೇಳಿದಳು. ಮುಂದೆ ಕಾಕಾನ ಮಾಳಿಗೆ ಕೋಣೆ ಹಿಡಿದು ಕಂಪನಿಯನ್ನೇ ಇಲ್ಲಿಗೆ ತಂದಳು. ನಮ್ಮ ಓಣಿಯ ಹುಡುಗಿಯರಿಗೆ ಕೆಲಸವೂ ಸಿಕ್ಕಿತು, ಅವಳಿಗೆ ನಮ್ಮ ಮಾತೂ ಬಂತು.

ಅಷ್ಟರಲ್ಲಿ ಅವಳ ವೀಸಾ ಮುಗಿಯುತ್ತ ಬಂತು. ‘ಬನ್ನಿ, ನಮ್ಮಲ್ಲಿ ಉದ್ಯಮ ಕಟ್ಟಿ’ ಎಂದು ಜಗತ್ತನ್ನೇ ಕರೆಯುವ ಸರಕಾರದವರು ಬಂದವಳಿಗೆ ಹೇಳಿದ್ದೇನು? ವೀಸಾ ಮುಂದುವರಿಯಬೇಕಾದರೆ ಕಂಪನಿ ದೊಡ್ಡದಿರಬೇಕಂತೆ! ಅವಳನ್ನೇ ಹೊರಗೆ ಹಾಕಿದರೆ ಅದು ದೊಡ್ಡದಾಗುವುದು ಹೇಗೆ? ಪರದೇಶದ ಹಳೇ ಮಗ್ಗಗಳು ಹಡಗು ತುಂಬಿ ಬರುತ್ತವೆ. ಅವುಗಳನ್ನು ಯಾರೂ ‘ವಾಪಸು ಯಾವಾಗ’ ಎಂದು ಕೇಳುವುದಿಲ್ಲ. ತಲೆ ಇರುವವರು ಬಂದರೆ ಮಾತ್ರ ಕೇಳುತ್ತಾರೆ. ನನಗಂತೂ ಮೈಯೆಲ್ಲ ಉರಿಯಿತು.

ಕಾಕಾ ಅವಳನ್ನೂ ನನ್ನನ್ನೂ ಎಳೆದುಕೊಂಡು ಕೊಲ್ಹಾಪುರದ ವೀಸಾ ಕಚೇರಿಗೇ ನುಗ್ಗಿದರು.

“ಸಾಹೇಬ್ರ, ನಿಮ್ಮ ಮನಿಗೆ ಬಂದ ಬೀಗರಿಗೂ ಹಿಂಗ ಅಂತೀರೇನು? ಮೊದಲ ಹೊಟ್ಟಿ ತುಂಬಿದ್ದು ತೋರಸ್ರಿ, ಆಮ್ಯಾಲ ತಾಟ ಹಾಕ್ತೇವಿ ಅಂತ?”

“ನಿಯಮ ಮ್ಯಾಲಿಂದ ಬರ್ತಾವ್ರಿ ಕಾಕಾ. ಮೀ ಕಾಯ್ ಕರೂ, ನಾ ಏನ್ ಮಾಡ್ಲಿ?” ಎಂದರು ಅಧಿಕಾರಿ.

“ಹಂಗಾದ್ರ ಮ್ಯಾಲಿನವರಿಗೆ ಹೇಳ್ರಿ. ಬರೇ ಕರದ್ರ ಆಗಂಗಿಲ್ಲ, ಚಪ್ಪಲಿ ಮುಚ್ಚಿಡಾಕೂ ಕಲೀಬೇಕು!”

ಚಪ್ಪಲಿಯ ಹೆಸರು ಕೇಳಿದ್ದೇ ಆ ಸಾಹೇಬರು ಗಾಬರಿಯಾಗಿ ಕುರ್ಚಿ ಹಿಂದಕ್ಕೆ ಸರಿಸಿದರು!

ಅರ್ಜಿ ತಿರಸ್ಕೃತವಾಯಿತು. ಇನ್ನೊಂದು ದೇಶ, ಇಂಥವರಿಗೆಂದೇ ವೀಸಾ ಇಟ್ಟುಕೊಂಡದ್ದು, ಅವಳನ್ನು ಕರೆದುಕೊಂಡಿತು. ಜಾಣರು!

ಹೊರಡುವ ದಿನ ಅವಳು ಬಾಗಿಲಿಗೆ ಬಂದು ನಿಂತುಬಿಟ್ಟಳು. ಬೂಟುಗಳು ಎದುರಿಗೇ ಇದ್ದವು, ಪಾಲಿಶ್ ಕೂಡ ಆಗಿತ್ತು.

“ಇವತ್ತ ಯಾಕ ಮುಚ್ಚಿಟ್ಟಿಲ್ರಿ, ಕಾಕಾ?”

ಕಾಕಾ ಗೋಡೆ ನೋಡುತ್ತ ಹೇಳಿದರು, “ಈ ಮನಿ ಬಾಗಲಾ ಅಷ್ಟ ನನ್ನ ಕೈಯಾಗೈತಿ, ಮಗಳ.”

ಅವಳು ಪಕ್ಕದಲ್ಲಿದ್ದ ಕಾಕುವಿನ ಚಪ್ಪಲಿ ಮೆಟ್ಟಿಕೊಂಡಳು. ಬೂಟುಗಳನ್ನು ಎತ್ತಿ ಕಾಕಾನ ಕೈಗಿಟ್ಟಳು.

“ಮುಚ್ಚಿಡ್ರಿ. ಬಂದು ಕೇಳ್ತೇನಿ.”

ಎಲ್ಲಿ ಮುಚ್ಚಿಟ್ಟಿದ್ದಾರೆಂದು ಕಾಕಾ ಇವತ್ತಿನವರೆಗೆ ಕಾಕುಗೂ ಹೇಳಿಲ್ಲ.