ಅರ್ಧ ಡಿಗ್ರಿಯ ಕಿವಿ

"ಇವತ್ತಿನಿಂದ ಈ ಮನೇಲಿ ಬಿಸಿ ಎಷ್ಟಿರಬೇಕು ಅಂತ ಮನುಷ್ಯರು ತೀರ್ಮಾನ ಮಾಡೋ ಹಾಗಿಲ್ಲ," ಎಂದು ಹಾಲ್ವರ್ ಬ್ರೆಕ್ಕೆ ಶನಿವಾರ ಬೆಳಗಿನ ಕಾಫಿ ಮೇಜಿನ ಮೇಲೆ ಒಂದು ಪೆಟ್ಟಿಗೆಯನ್ನಿಟ್ಟು ಘೋಷಿಸಿದ. "ಇದು ಮಾಡುತ್ತೆ."

ಅವನ ಹೆಂಡತಿ ಆರ್ಡಿಸ್ ಪೆಟ್ಟಿಗೆಯನ್ನು ನೋಡಿದಳು. ಗಂಡನನ್ನು ನೋಡಿದಳು. ಆಮೇಲೆ ಕಿಟಕಿಯ ಆಚೆ ನೋಡಿದಳು. ಆಚೆ ಮಿನೆಸೋಟದ ಫೆಬ್ರವರಿ, ಸೊನ್ನೆಯ ಕೆಳಗೆ ಇಪ್ಪತ್ತನಾಲ್ಕು. ಕಾರಿಗೂ ಕರೆಂಟು ಕೊಟ್ಟು ಎಂಜಿನ್ನನ್ನು ಬೆಚ್ಚಗಿಡದಿದ್ದರೆ ಬೆಳಿಗ್ಗೆ ಏಳದ ಕಾಲ.

"ಇನ್ನೊಂಚೂರು ಕಾಫಿ ಹಾಕ್ಲಾ?" ಎಂದಳು.

ಇದನ್ನು ಕಾಫಿಯ ಮಾತು ಅಂದುಕೊಳ್ಳಬೇಡಿ. ನಮ್ಮೂರಿನಲ್ಲಿ ಇದಕ್ಕಿಂತ ಕಟುವಾದ ವಿರೋಧವನ್ನು ಯಾರೂ ವ್ಯಕ್ತಪಡಿಸುವುದಿಲ್ಲ. ನಾವು ನಾರ್ವೆಯಿಂದ ಬಂದ ಅಜ್ಜಂದಿರ ಮೊಮ್ಮಕ್ಕಳು. ಬೇಕು ಅನ್ನುವುದು ದುರಾಸೆ, ಬೇಡ ಅನ್ನುವುದು ಜಗಳ ಎಂದು ಕಲಿತವರು. ಹಸಿದವನು "ಪರವಾಗಿಲ್ಲ" ಅನ್ನುತ್ತಾನೆ, ನಡುಗುವವನೂ "ಪರವಾಗಿಲ್ಲ" ಅನ್ನುತ್ತಾನೆ, ಉಳಿದದ್ದನ್ನು ಎದುರಿನವರೇ ಊಹಿಸಿಕೊಳ್ಳಬೇಕು.

ಊಹಿಸಿಕೊಳ್ಳುವ ಅಭ್ಯಾಸ ಹಾಲ್ವರನಿಗೆ ಇರಲಿಲ್ಲ. ಅವನಿಗೆ ಇದ್ದದ್ದು ಕಿವಿ.

ಮೂವತ್ತಾರು ವರ್ಷ ಧಾನ್ಯದ ಉಗ್ರಾಣದಲ್ಲಿ ತೂಕ ಮಾಡಿ ನಿವೃತ್ತನಾದವನು ಅವನು. ಲಾರಿ ತಕ್ಕಡಿಯ ಮೇಲೆ ನಿಂತ ಕೂಡಲೇ, ಮುಳ್ಳು ಅಲುಗುವ ಮೊದಲೇ ತೂಕ ಹೇಳುತ್ತಿದ್ದ, ಬಹಳ ಸಲ ಸರಿಯಾಗಿಯೇ ಹೇಳುತ್ತಿದ್ದ. ನಿವೃತ್ತಿಯ ನಂತರ ತೂಗಲು ಏನೂ ಉಳಿಯಲಿಲ್ಲವಾಗಿ ಆ ವಿದ್ಯೆಯೆಲ್ಲ ಬಿಸಿಯ ಕಡೆ ತಿರುಗಿತು. "ಅರ್ಧ ಡಿಗ್ರಿ ಹೆಚ್ಚುಕಮ್ಮಿ ಆದ್ರೂ ನನ್ನ ಕಿವಿ ಹಿಂದೆ ಗೊತ್ತಾಗುತ್ತೆ," ಎಂದು ಊರಿನ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದ. ಅಲ್ಲಿ ಅದು ಎಲ್ಲರೂ ಒಪ್ಪಿದ ಸತ್ಯ. ಆ ಒಂದು ಸತ್ಯದ ಮೇಲೆಯೇ ಈಗ ಅವನ ಮರ್ಯಾದೆಯೆಲ್ಲ ನಿಂತಿತ್ತು.

ಮನೆಯ ನಡುಹಜಾರದ ಗೋಡೆಯಲ್ಲಿ, ಚಕ್ರ ತಿರುಗಿಸಿ ಮನೆಯ ಬಿಸಿಯನ್ನು ಏರಿಸಿ ಇಳಿಸುವ ಒಂದು ಹಳೆಯ ಥರ್ಮೋಸ್ಟಾಟು ಇತ್ತು. ದುಂಡಗೆ, ಬಂಗಾರದ ಬಣ್ಣದಲ್ಲಿ, ಬೆರಳು ತಾಗಿ ತಾಗಿ ಅಂಚು ಬೆಳ್ಳಗಾದದ್ದು. ಆರ್ಡಿಸಳ ಅಪ್ಪ ಸೆಲ್ಮರ್ ತನ್ನ ಕೈಯಾರೆ ಕೂರಿಸಿದ್ದು. ಅವರು ಊರಿನ ವೈರಿಂಗ್ ಕೆಲಸದವರು, ಮಾತು ಕಡಿಮೆ, ತೀರಿಕೊಂಡು ಒಂಬತ್ತು ವರ್ಷವಾಯಿತು. ಹಾಲ್ವರ್ ಮನೆ ಅಳಿಯನಾಗಿ ಬಂದ ಮೊದಲ ವಾರವೇ ಆ ಚಕ್ರವನ್ನು ಎಪ್ಪತ್ತರಿಂದ ಅರವತ್ತೆರಡಕ್ಕೆ ತಿರುಗಿಸಿದ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಪ್ಪತ್ತು ಎಂದರೆ ಅಂಗಿಯ ತೋಳು ಮಡಚಿ ಕೂರುವ ಸುಖ. ಅರವತ್ತೆರಡು ಎಂದರೆ ಸ್ವೆಟರು ಹಾಕಿಕೊಂಡು ದೇವರಿಗೆ ಹತ್ತಿರವಾಗಿ ಬದುಕುವ ಮಟ್ಟ. ಮಾವ ನೋಡಿದರು, ಏನೂ ಅನ್ನಲಿಲ್ಲ. ಅಂದಿನಿಂದ ನಲವತ್ತೊಂದು ವರ್ಷ, ದಿನಕ್ಕೆರಡು ಸಲ, ಆ ಚಕ್ರದ ಮುಂದೆ ನಿಂತು ಅದನ್ನು ಅರವತ್ತೆರಡಕ್ಕೆ ತಂದು ನಿಲ್ಲಿಸುವುದು ಹಾಲ್ವರನ ಸಂಧ್ಯಾವಂದನೆಯಾಯಿತು.

ತೊಂದರೆ ಒಂದೇ. ಚಕ್ರದ ಪಕ್ಕದ ಪುಟ್ಟ ಮುಳ್ಳು ಮಾತ್ರ ಯಾವಾಗಲೂ ಎಪ್ಪತ್ತು ತೋರಿಸುತ್ತಿತ್ತು.

"ಮುಳ್ಳಿಗೆ ವಯಸ್ಸಾಯ್ತು," ಎಂದು ಹಾಲ್ವರ್ ಹೇಳುತ್ತಿದ್ದ. "ಮನೆ ಅರವತ್ತೆರಡೇ ಇದೆ. ನನ್ನ ಕಿವಿ ಸುಳ್ಳು ಹೇಳಲ್ಲ." ಹಣೆಯ ಮೇಲೆ ಬೆವರಿದ್ದರೆ ಅದು ಸ್ವೆಟರಿನ ಮಹಿಮೆ.

ಈಗ ಆ ಮುದಿ ಮುಳ್ಳನ್ನು ನಿವೃತ್ತಿಗೊಳಿಸುವ ಕಾಲ ಬಂದಿತ್ತು. ಹೊಸ ಯಂತ್ರವನ್ನು ಹಾಲ್ವರ್ ಕೈ ತೊಳೆದುಕೊಂಡು ಬಂದು ಪೆಟ್ಟಿಗೆಯಿಂದ ಎತ್ತಿದ. ಬೆಣ್ಣೆಬಿಸ್ಕತ್ತಿನ ಹಾಗೆ ಬೆಳ್ಳಗೆ, ಮುಖದಲ್ಲಿ ಒಂದು ಗಾಜು. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಮಲಗುವಾಗ ಇಷ್ಟು ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು, ವಾರದ ಏಳು ದಿನವನ್ನೂ ನೆನಪಿಟ್ಟುಕೊಂಡು ನೆಲಮಾಳಿಗೆಯಲ್ಲಿ ಉರಿದು ಮನೆಗೆಲ್ಲ ಬಿಸಿ ಗಾಳಿ ಕಳಿಸುವ ಫರ್ನೇಸಿಗೆ ತಾನೇ ಅಪ್ಪಣೆ ಕೊಡುತ್ತದೆ. ಭಾನುವಾರ ಚರ್ಚಿಗೆ ಹೋಗುತ್ತಾರೆ ಎನ್ನುವುದೂ ಅದಕ್ಕೆ ಗೊತ್ತಿರುತ್ತದೆ.

"ಆರ್ಡಿಸ್, ಇದಕ್ಕೆ ವಾರ ಗೊತ್ತು," ಎಂದ ಹಾಲ್ವರ್. ಗಾಜನ್ನು ತೋಳಿನಿಂದ ಒರೆಸಿದ. "ನಮ್ಮ ಪಾದ್ರಿಗೇ ಒಮ್ಮೊಮ್ಮೆ ಗೊತ್ತಿರಲ್ಲ."

"ಅಪ್ಪ ಹಾಕಿದ್ದು ಅದು," ಎಂದಳು ಆರ್ಡಿಸ್. "ಪಾಪ, ಇರಲಿ ಅಂತ ಬಿಡಬಹುದಿತ್ತೇನೋ."

"ಮಾವ ಇದ್ದಿದ್ರೆ ಇದನ್ನ ನೋಡಿ ಟೋಪಿ ತೆಗೀತಿದ್ರು."

"ಇವತ್ತು ಚಳಿ ಬೇರೆ ಸ್ವಲ್ಪ ಇದೆಯೇನೋ. ಬೇಸಿಗೇಲಿ ಮಾಡಿದ್ರೆ?"

ಚಳಿ ಎಂಬ ಶಬ್ದವನ್ನು ಆರ್ಡಿಸ್ ಬಾಯಿಬಿಟ್ಟು ಆಡಿದ್ದಳು. ಬೇರೆ ಯಾವ ಗಂಡನಾದರೂ ಅಲ್ಲಿಯೇ ನಿಂತು ಬಿಡುತ್ತಿದ್ದ. ಹಾಲ್ವರ್ ಸ್ಕ್ರೂಡ್ರೈವರ್ ಹುಡುಕುತ್ತಿದ್ದ.

ಮಧ್ಯಾಹ್ನ ಪಕ್ಕದ ಮನೆಯ ವರ್ನ್ ಸಾಕ್ಷಿಯಾಗಿ ಬಂದ. ಹಳೆಯದನ್ನು ಬಿಚ್ಚಿದ್ದಾಯಿತು. ಅದರ ಹಿಂದೆ ಎರಡು ತಂತಿಗಳು ಶಿಸ್ತಾಗಿ ಕಾದಿದ್ದವು. ಮೊದಲು ಫರ್ನೇಸಿನ ಕರೆಂಟು ತೆಗೆಯಿರಿ ಎಂದು ಪುಸ್ತಕದಲ್ಲಿತ್ತು. "ಅದು ನಮ್ಮಂಥೋರಿಗಲ್ಲ," ಎಂದು ಹಾಲ್ವರ್ ತಂತಿಗಳನ್ನು ಸಿಕ್ಕಿಸಿದ. ಬ್ಯಾಟರಿ ಹಾಕಿದ. ಮೂವತ್ತೆರಡು ಪುಟ ಓದಿ, ಸೋಮವಾರವನ್ನು ಎರಡು ಸಲ ಅಳಿಸಿ, ಮಂಗಳವಾರವನ್ನು ತುಂಬಿಸುವಾಗ ಇಬ್ಬರೂ ಸೇರಿ ಒಮ್ಮೆ ಕಿರುಚಾಡಿ, ಕೊನೆಗೆ ವಾರವಿಡೀ ಐವತ್ತೆಂಟು, ಎಂದಿಗಿಂತ ನಾಲ್ಕು ಡಿಗ್ರಿ ಕಡಿಮೆ, ಎಂದು ಬರೆಸಿದ. ಗಾಜಿನ ಮೇಲೆ ನೀಲಿ ಬೆಳಕು ಮೂಡಿತು. ಇಬ್ಬರು ಮುದುಕರೂ ಕೈ ಕಟ್ಟಿ ಅದರ ಮುಂದೆ ನಿಂತರು. ವರ್ನ್ ನಿಜಕ್ಕೂ ಟೋಪಿ ತೆಗೆದ.

ಅರ್ಧ ಗಂಟೆ ಕಾದ ಮೇಲೆ ಹಾಲ್ವರ್ ಕಿವಿಯ ಹಿಂದೆ ಬೆರಳಿಟ್ಟ. "ಗೊತ್ತಾಯ್ತಾ? ಇಳೀತಾ ಇದೆ. ನಾಲ್ಕು ಡಿಗ್ರಿ ಇಳ್ದಿದೆ ಈಗಾಗಲೇ."

"ಹೂಂ, ಏನೋ ಬೇರೆ ಥರ ಇದೆ ಮಾರಾಯ," ಎಂದ ವರ್ನ್, ಕತ್ತಿನ ಬೆವರು ಒರೆಸಿಕೊಳ್ಳುತ್ತ.

"ಎಷ್ಟು ನಯವಾಗಿ ಇಳಿಸ್ತಿದೆ ನೋಡು. ಬಿಸಿ ಕಮ್ಮಿ ಆಗಿದ್ದು ಮೈಗೆ ಗೊತ್ತೇ ಆಗಲ್ಲ. ಬರೀ ಕಿವಿಗೆ ಗೊತ್ತಾಗುತ್ತೆ."

"ಅಲ್ಲಿ ಮೂಲೇಲಿ ಸಣ್ಣಗೆ ಎಪ್ಪತ್ತೊಂದು ಅಂತ ಇದೆಯಲ್ಲ, ಅದೇನು?"

ಹಾಲ್ವರ್ ಕನ್ನಡಕ ಹಾಕಿಕೊಂಡು ನೋಡಿದ. ಪುಸ್ತಕ ತಿರುವಿದ. ಅದು ಕೋಣೆಯಲ್ಲಿ ಈಗ ನಿಜವಾಗಿ ಇರುವ ಬಿಸಿ ಎಂದು ಪುಸ್ತಕ ಹೇಳಿತು. ಹಳೇ ಮುಳ್ಳಿಗಾದರೆ ವಯಸ್ಸಾಗಿತ್ತು, ಇದು ಹುಟ್ಟಿ ಒಂದು ಗಂಟೆಯಾಗಿತ್ತು.

"ಕೆಟ್ಟಿದ್ದು ಕೊಟ್ಟಿದ್ದಾರೆ," ಎಂದ. "ವಾಪಸ್ ಕೊಡ್ಬೇಕು." ತಂತಿ ಕಿತ್ತು, ಯಂತ್ರವನ್ನು ಗೋಡೆಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡ.

ಆಗಲೇ ಕಾಲಡಿಯಲ್ಲಿ, ನೆಲಮಾಳಿಗೆಯಲ್ಲಿ, ಫರ್ನೇಸು ಗುರ್ ಎಂದು ಹೊತ್ತಿಕೊಂಡಿತು.

ಅಪ್ಪಣೆ ಕೊಡುವ ಯಂತ್ರ ಹಾಲ್ವರನ ಕೈಯಲ್ಲಿ. ಗೋಡೆಯಲ್ಲಿ ಎರಡು ಬರಿಯ ತಂತಿ. ಆದರೂ ನೆಲದ ಜಾಲರಿಯಿಂದ ಬಿಸಿ ಗಾಳಿ ಎದ್ದು ಬಂದು ವರ್ನನ ಪ್ಯಾಂಟಿನ ಕಾಲನ್ನು ಉಬ್ಬಿಸಿತು. ಹಾಲ್ವರನ ತೋಳಿನ ಕೂದಲು ನೆಟ್ಟಗಾಯಿತು. ಚರ್ಚಿನಲ್ಲಿ ಅರವತ್ತು ವರ್ಷ ಕೂತರೂ ಬರದ ಭಯಭಕ್ತಿ ಅವನಿಗೆ ಆ ಕ್ಷಣ ಬಂತು.

"ಹಾಲ್ವರ್," ಎಂದ ವರ್ನ್ ಪಿಸುಗುಟ್ಟಿ. "ಅದಕ್ಕೆ ಹತ್ಕೋ ಅಂತ ಹೇಳಿದ್ದು ಯಾರು?"

ಅಡುಗೆಮನೆಯಲ್ಲಿ ಆರ್ಡಿಸಳ ಕೈಯಿಂದ ಚಮಚ ಬಿದ್ದ ಸದ್ದಾಯಿತು.

ಇಬ್ಬರೂ ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದರು. ಹಜಾರದ ಎರಡು ತಂತಿ ತೊಲೆಯ ಪಕ್ಕದಲ್ಲಿ ನೀಟಾಗಿ ಇಳಿದು ಬಂದಿತ್ತು. ಎಂಟೆಂಟು ಇಂಚಿಗೊಂದು ಮೊಳೆ. ಸೆಲ್ಮರ್ ಮಾವನ ಕೆಲಸವೆಂದರೆ ಹಾಗೆ. ಹಾಲ್ವರ್ ಬೆರಳಿಟ್ಟು ಅದನ್ನು ಹಿಂಬಾಲಿಸಿದ. ತಂತಿ ಫರ್ನೇಸಿನ ಹತ್ತಿರ ಹೋಯಿತು, ಪಕ್ಕದಿಂದ ಹಾದು ಮುಂದಕ್ಕೆ ಹೋಯಿತು, ಗೋಡೆಯ ಮೂಲೆಗೆ ಹೋಗಿ ಒಂದು ಮೊಳೆಗೆ ಸುತ್ತಿಕೊಂಡು ನಿಂತಿತು. ಅಷ್ಟೇ. ಅಲ್ಲಿಂದಾಚೆ ಇದ್ದದ್ದು ಉಪ್ಪಿನಕಾಯಿ ಭರಣಿಗಳು.

ಮೊಳೆಗೆ ಒಂದು ರಟ್ಟಿನ ಚೀಟಿ ಕಟ್ಟಿತ್ತು. ಪೆನ್ಸಿಲ್ಲಿನ ಬರಹ. ಮೇಲೆ ನಲವತ್ತೊಂದು ವರ್ಷದ ಹಿಂದಿನ ತಾರೀಖು.

"ಹಾಲ್ವರ್, ನನ್ನ ಮಗಳಿಗೆ ಕಾಲು ತಣ್ಣಗಾಗುತ್ತೆ. ನೀನು ಒಳ್ಳೇ ಹುಡುಗ. ತಿರುಗಿಸ್ತಾ ಇರು. — ಸೆಲ್ಮರ್."

ಬೇರೆ ಊರಿನ ಮಾವನಾಗಿದ್ದರೆ, ಚಕ್ರ ಮುಟ್ಟಬೇಡವೋ ಎಂದು ಗದರಿ ಮುಗಿಸುತ್ತಿದ್ದ. ನಮ್ಮವರು ಜಗಳ ಆಡುವುದಿಲ್ಲ, ತಂತಿ ಬದಲಾಯಿಸುತ್ತಾರೆ.

"ಹಾಗಾದ್ರೆ ಫರ್ನೇಸಿನ ನಿಜವಾದ ತಂತಿ ಎಲ್ಲಿಗೆ ಹೋಗಿದೆ?" ಎಂದ ವರ್ನ್. ಫರ್ನೇಸಿನ ಹಿಂದಿನಿಂದ ಬೇರೊಂದು ಜೋಡಿ ತಂತಿ ಮೇಲಕ್ಕೆ ಹತ್ತಿತ್ತು.

"ಹೊಲಿಗೆ ಕೋಣೆಗೆ."

"ಅಲ್ಲಿ ಗೋಡೇಲಿ ಏನೂ ಇಲ್ವಲ್ಲ?"

"ಏನೂ ಇಲ್ಲ. ಬಾಗಿಲ ಹಿಂದಿನ ಗೋಡೆ ಮಾತ್ರ ನೋಡಿಲ್ಲ. ಆ ಬಾಗಿಲು ಯಾವಾಗ್ಲೂ ಗೋಡೆಗೆ ಒರಗಿ ತೆರೆದೇ ಇರುತ್ತೆ." ಹಾಲ್ವರ್ ತಲೆಯೆತ್ತಿ ಮೇಲೆ ಹತ್ತಿದ ಆ ತಂತಿಯನ್ನು ನೋಡಿದ. "ಯಾವಾಗ್ಲೂ."

ಅವನು ಮಗುಚಿಟ್ಟ ಬುಟ್ಟಿಯ ಮೇಲೆ ಕುಳಿತ. ನಲವತ್ತೊಂದು ವರ್ಷ, ದಿನಕ್ಕೆರಡು ಸಲ, ಅವನು ಗೋಡೆಯ ಒಂದು ಅಲಂಕಾರವನ್ನು ತಿರುಗಿಸಿ, ಕಿವಿಯ ಹಿಂದೆ ಚಳಿಯನ್ನು ಅನುಭವಿಸಿ, ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಅವಮಾನವಾಯಿತು. ಅಳುವೂ ಬಂತು. ಆದರೆ ಅವೆರಡಕ್ಕಿಂತ ದೊಡ್ಡದಾಗಿ ಬಂದದ್ದು ಬೆರಗು. ಆ ಬಿಸ್ಕತ್ತಿನಂಥ ಯಂತ್ರಕ್ಕೆ ಏಳು ದಿನ ನೆನಪಿರುತ್ತಿತ್ತು. ಮೇಲೆ ಅಡುಗೆಮನೆಯಲ್ಲಿದ್ದವಳು ಅದೆಷ್ಟು ಸಾವಿರ ದಿನ ನೆನಪಿಟ್ಟುಕೊಂಡು, ಒಂದು ದಿನವೂ ನಗದೆ, ಒಂದು ದಿನವೂ ಅವನನ್ನು ಚಿಕ್ಕವನನ್ನಾಗಿ ಮಾಡದೆ, ಮನೆಯನ್ನು ಎಪ್ಪತ್ತರಲ್ಲಿಟ್ಟಿದ್ದಳು. ಅಂಥ ಯಂತ್ರ ಯಾವ ಅಂಗಡಿಯಲ್ಲೂ ಇಲ್ಲ.

"ವರ್ನ್, ಕಾಫಿ ಅಂಗಡೀಲಿ..."

"ನಾನೇನೂ ನೋಡಿಲ್ಲ," ಎಂದ ವರ್ನ್. ಚೀಟಿಯನ್ನು ಮತ್ತೊಮ್ಮೆ ಓದಿದ. ಅವನ ಮುಖ ನಿಧಾನವಾಗಿ ಬಿಳುಚಿಕೊಂಡಿತು. "ಹಾಲ್ವರ್, ನಮ್ಮನೆ ವೈರಿಂಗೂ ಸೆಲ್ಮರೇ ಮಾಡಿದ್ದು."

ನಮ್ಮೂರಿನಲ್ಲಿ ಒಬ್ಬರ ಮನೆಯಿಂದ ಹೊರಡುವುದೆಂದರೆ ಮುಕ್ಕಾಲು ಗಂಟೆಯ ಕೆಲಸ. ಕುರ್ಚಿಯಲ್ಲಿ ತೊಡೆ ತಟ್ಟಿ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಕಾರಿನ ಕಿಟಕಿ ಇಳಿಸಿ ಒಮ್ಮೆ ವಿದಾಯ ಹೇಳಬೇಕು. ವರ್ನ್ ಆ ದಿನ ಟೋಪಿಯನ್ನೂ ಮರೆತು, ಹಿಮದಲ್ಲಿ ಅಡ್ಡಹಾದಿ ಹಿಡಿದು ಮನೆಗೆ ಓಡಿದ.

ಹಾಲ್ವರ್ ಮೇಲೆ ಬಂದ. ಆರ್ಡಿಸ್ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಒಲೆಯೊಳಗೆ ಬೇಯುತ್ತಿದ್ದ ಆಲೂಗಡ್ಡೆಯ ಹಾಟ್‌ಡಿಶ್ಶಿನ ಅಂಚು ಕರ್ರಗಾಗುತ್ತಿತ್ತು, ಅವಳು ನೋಡುತ್ತಿರಲಿಲ್ಲ.

"ಕೆಳಗೆ ಎಲ್ಲ ಸರಿ ಇದೆಯಾ?" ಎಂದಳು. ದನಿ ತೀರ ಸಣ್ಣದಾಗಿತ್ತು.

"ಪರವಾಗಿಲ್ಲ," ಎಂದ ಹಾಲ್ವರ್. "ಮಾವನ ಕೆಲಸ ಅಂದ್ರೆ ಕೆಲಸ. ಒಂದು ಮೊಳೆ ಸಡಿಲ ಆಗಿಲ್ಲ."

ಅವಳು ತಿರುಗಿ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಅವನು ಸ್ಕ್ರೂಡ್ರೈವರ್ ತೆಗೆದುಕೊಂಡು ಹಜಾರಕ್ಕೆ ಹೋಗಿ, ಹೊಸ ಯಂತ್ರವನ್ನು ಅದೇ ಜಾಗದಲ್ಲಿ, ಅದೇ ತಂತಿಗಳಿಗೆ, ಎಷ್ಟೋ ಭಕ್ತಿಯಿಂದ ಮತ್ತೆ ಕೂರಿಸಿದ. ನೀಲಿ ಬೆಳಕು ಬಂತು.

ಊಟವಾಯಿತು. ಹಾಲ್ವರ್ ಪತ್ರಿಕೆ ಹಿಡಿದು ಕೂತಿದ್ದಾಗ ಹೊಲಿಗೆ ಕೋಣೆಯ ಕಡೆಯಿಂದ ಆರ್ಡಿಸಳ ದನಿ ಬಂತು. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ತನಗೆ ಬೇಕಾದದ್ದನ್ನು ನೇರವಾಗಿ ಕೇಳಿದಳು.

"ಹಾಲ್ವರ್, ನಂಗೆ ಚಳಿ ಆಗ್ತಿದೆ. ಎರಡು ಡಿಗ್ರಿ ಏರಿಸ್ತೀಯಾ?"

ಹಾಲ್ವರ್ ಪತ್ರಿಕೆ ಮಡಚಿಟ್ಟ. ಎದ್ದ, ಸ್ವೆಟರು ಸರಿ ಮಾಡಿಕೊಂಡ, ಹಜಾರಕ್ಕೆ ಹೋಗಿ ಯಂತ್ರದ ಮುಂದೆ ನೆಟ್ಟಗೆ ನಿಂತ, ಬೆರಳು ಎತ್ತಿದ. ಹೊಲಿಗೆ ಕೋಣೆಯ ಬಾಗಿಲ ತಿರುಗಣಿ ಕಿರ್ ಎಂದಿತು. ಕಾಲಡಿಯಲ್ಲಿ ಫರ್ನೇಸು ಹೊತ್ತಿಕೊಂಡಿತು.

"ಆಹಾ, ಈಗ ಬೆಚ್ಚಗಾಯ್ತು ನೋಡು," ಎಂದಳು ಆರ್ಡಿಸ್. "ಏನೇ ಹೇಳು, ನಿನ್ನ ಕೈಗುಣ."

ಹಾಲ್ವರ್ ಗುಂಡಿಯನ್ನು ಇನ್ನೂ ಒತ್ತಿರಲಿಲ್ಲ.