ಒಲೆಯ ಮೇಲಿಟ್ಟ ಹಾರ್ಡ್ ಡಿಸ್ಕ್

ಟಕ್. ಇಷ್ಟೇ ಸದ್ದು. ಎರಡು ಮರದ ಹಲಗೆಗಳನ್ನು ಒಂದು ಬಿಜಾಗರಿಯಿಂದ ಜೋಡಿಸಿದ, ಪುಟ್ಟ ಪುಸ್ತಕದ ಆಕಾರದ ವಸ್ತುವೊಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಕೈಯಲ್ಲಿ ಸದಾ ಇರುತ್ತಿತ್ತು. ಅವರು ಅದನ್ನು ಮುಚ್ಚಿದರೆ ಟಕ್. ಟಕ್ ಎಂದರೆ ಎಲ್ಲಿದ್ದೇವೋ ಅಲ್ಲೇ ಮಂಡಿ ಬಗ್ಗಿಸಿ ತಲೆ ತಗ್ಗಿಸಬೇಕು. ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಇನ್ನು ಮೇಲೆ ಯಾವ ಕೆಲಸಕ್ಕೆ ಯಾವ ಊರಿನ ಆಫೀಸಿಗೆ ಅಲೆಯಬೇಕೋ ಎಂದು ದೊಡ್ಡವರೆಲ್ಲ ಗೊಣಗುತ್ತಿದ್ದ ಕಾಲ. ಮಡಿಕೇರಿಯ ಬೋರ್ಡಿಂಗಿನಲ್ಲಿದ್ದ ನಮಗೆ ಮಾತ್ರ ನಮ್ಮನ್ನು ಆಳುವವರು ಯಾರು ಎಂಬ ಬಗ್ಗೆ ಡೌಟೇ ಇರಲಿಲ್ಲ. ಆ ಟಕ್ ನನ್ನ ಮೈಯಲ್ಲಿ ಎಷ್ಟು ಇಳಿದಿದೆ ಎಂದರೆ, ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರು ಅಡಿಕೆ ಕತ್ತರಿಸುವಾಗಲೆಲ್ಲ ನಾನು ಅವರ ಮುಂದೆ ತಲೆ ತಗ್ಗಿಸುತ್ತಿದ್ದೆ. ಎಂಥ ವಿನಯದ ಸೊಸೆ ಎಂದು ಅವರು ನೆಂಟರಿಷ್ಟರಲ್ಲೆಲ್ಲ ಹೇಳಿಕೊಂಡು ಬಂದರು. ಕರೆಕ್ಟ್ ಮಾಡುವುದು ಮ್ಯಾನರ್ಸ್ ಅಲ್ಲವೆಂದು ನಾನೂ ಸುಮ್ಮನಿದ್ದೆ.

ಅದೇ ಟಕ್ ಈ ಮುಪ್ಪಿನಲ್ಲಿ ನನ್ನ ಕಂಪ್ಯೂಟರಿನ ಹೊಟ್ಟೆಯೊಳಗಿಂದ ಕೇಳಿಸಿತು. ಅದರ ಕಥೆ ಹೇಳುತ್ತೇನೆ.

ನನ್ನ ಮೊದಲನೇ ಕಂಪ್ಯೂಟರು ಕೈಕೊಟ್ಟಾಗ ಸುಂಟಿಕೊಪ್ಪ ಪೇಟೆಯ ಅಂಗಡಿಯ ರಫೀಕ್ ಅದರೊಳಗಿನ ಹಾರ್ಡ್ ಡಿಸ್ಕನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟಿದ್ದ. “ಬಾಕಿದ್ದು ಗುಜರಿಗೆ ಹೋಗ್ಲಿ ಅಮ್ಮ, ಇದು ಬೇಡ. ನಿಮ್ಮ ಫೋಟೋ, ಕಾಗದ ಎಲ್ಲ ಇದ್ರೊಳಗೇ ಇರೋದು” ಎಂದ. ನೋಡಿದರೆ ಒಂದು ಬಾರ್ ಸೋಪಿನಷ್ಟು ಭಾರದ ಕಬ್ಬಿಣದ ಡಬ್ಬಿ. ಮನೆಗೆ ತಂದೆ. ಇಲ್ಲಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಸಲು, ಕನ್ನಡಕದ ಪೆಟ್ಟಿಗೆಗೂ ಬೂಸಲು. ಆದ್ದರಿಂದ ಥಂಡಿ ತಾಗಬಾರದ್ದನ್ನೆಲ್ಲ ನಮ್ಮಲ್ಲಿ ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವುದು ರೂಢಿ. ಉಪ್ಪು, ಬೆಂಕಿಪೊಟ್ಟಣ, ಬಿತ್ತನೆಯ ಸೌತೆ ಬೀಜ, ಒಣಗಬೇಕಾದ ಹಂದಿಮಾಂಸ, ಎಲ್ಲಕ್ಕೂ ಅದೇ ವಿಳಾಸ. ನಮ್ಮವರು ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಗೇ ಸಾಗಿಸಿದರು. ನಾನು ಸ್ವಲ್ಪ ಅನುಮಾನಿಸಿದ್ದಕ್ಕೆ ಅವರ ಅರೆಭಾಷೆಯಲ್ಲಿ ಒಂದೇ ಮಾತು: “ಒಲೆ ಮೇಲೆ ಮಡ್ಗಿರೆ ಎಂತದೂ ಹಾಳಾಕಿಲ್ಲೆ.” ಆಮೇಲೆ ಹೊಸ ಡೆಸ್ಕ್‌ಟಾಪ್ ಬಂತು. ಹಳೆಯ ಡಿಸ್ಕು ಹೊಗೆ ಕುಡಿಯುತ್ತಾ ಅಲ್ಲೇ ಕೂತಿತು. ಭದ್ರವಾಗಿ ಇಟ್ಟದ್ದನ್ನು ಯಾರು ದಿನಾ ತೆಗೆದು ನೋಡುತ್ತಾರೆ?

ಒಂದು ದಿನ ಕುಟ್ಟದಿಂದ ದೇಚಮ್ಮನ ಫೋನು ಬಂತು. ದೇಚಮ್ಮ ಬೋರ್ಡಿಂಗಿನಲ್ಲಿ ನನ್ನ ಪಕ್ಕದ ಮಂಚದವಳು. ಇಡೀ ಕಾನ್ವೆಂಟಿನಲ್ಲಿ ಟಕ್ಕಿಗೆ ಬಗ್ಗದ ಒಬ್ಬಳೇ ಹುಡುಗಿ. ಕೇಳಿದರೆ “ಮಂಡಿ ನನ್ನದು” ಎನ್ನುತ್ತಿದ್ದಳು. “ಜಾನು, ನನ್ನ ಕಣ್ಣು ಹೋಗ್ತಾ ಉಂಟು ಮಾರಾಯ್ತಿ” ಎಂದಳು, ಹಾಲು ಉಕ್ಕುತ್ತಾ ಉಂಟು ಎನ್ನುವ ಹಾಗೆ. “ಮೈಸೂರಿನಲ್ಲಿ ಆಪರೇಷನ್. ಆದ ಮೇಲೆ ಕಂಡ್ರೂ ಕಂಡಿತು, ಇಲ್ಲದಿದ್ರೂ ಇಲ್ಲ ಅಂತಾರೆ ಡಾಕ್ಟರು. ಅದಕ್ಕೆ ಮೊದಲು ಅವ್ವನ ಫೋಟೋ ಒಂದ್ಸಲ ದೊಡ್ಡದು ಮಾಡಿ ನೋಡ್ಬೇಕು. ನಿನ್ನ ಹತ್ರ ಉಂಟಲ್ಲ?”

ಉಂಟು. ಅವಳ ಅಳಿಯ ಹಿಂದೊಮ್ಮೆ ಅವರ ಮನೆಯ ಆಲ್ಬಮ್ಮನ್ನೆಲ್ಲ ಸ್ಕ್ಯಾನ್ ಮಾಡಿ, ಎರಡು ಕಡೆ ಇರಲಿ ಎಂದು ನನ್ನ ಕಂಪ್ಯೂಟರಿಗೂ ಹಾಕಿ ಹೋಗಿದ್ದ. ಆಮೇಲೆ ಆಲ್ಬಮ್ಮನ್ನು ಗೆದ್ದಲು ತಿಂದಿತು, ಅವರ ಕಂಪ್ಯೂಟರಿಗೆ ಸಿಡಿಲು ಹೊಡೆಯಿತು. ಉಳಿದದ್ದು ನನ್ನ ಒಲೆಯ ಮೇಲಿನದು ಮಾತ್ರ. ದೇಚಮ್ಮನ ಅವ್ವ ಜೀವಮಾನದಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. ಅದೂ ಕಾನ್ವೆಂಟಿನ ಅಂಗಳದಲ್ಲಿ. ಮಗಳು ಬಗ್ಗುವುದಿಲ್ಲವೆಂದು ಸಿಸ್ಟರ್ ಕಂಪ್ಲೇಂಟ್ ಹೇಳಿ ಕರೆಸಿದ್ದರು. ಅವ್ವ ತಲೆಗೆ ವಸ್ತ್ರ ಕಟ್ಟಿಕೊಂಡು ಬಸ್ಸು ಹತ್ತಿ ಬಂದರು. ಅದೇ ದಿನ ಗ್ರೂಪ್ ಫೋಟೋಕ್ಕೆಂದು ಬಂದಿದ್ದ ಸ್ಟುಡಿಯೋದವರು ಉಳಿದ ಒಂದು ಫಿಲ್ಮಿನಲ್ಲಿ ಇವರನ್ನೂ ನಿಲ್ಲಿಸಿ ತೆಗೆದರು: ಅವ್ವ, ದೇಚಮ್ಮ, ಪಕ್ಕದಲ್ಲಿ ನಾನು. ದೇಚಮ್ಮನಿಗಿದ್ದ ಸಂಶಯ ಒಂದೇ. ಅವ್ವ ಆ ದಿನ ಸಿಸ್ಟರ್ ಎದುರು ಅವಳಿಗೆ ಬಾಯಿಗೆ ಬಂದ ಹಾಗೆ ಬೈದಿದ್ದರು. ಮನೆಗೆ ಹೋದ ಮೇಲೂ ಆ ವಿಷಯ ಎತ್ತಿದರೆ ಮುಖ ತಿರುಗಿಸುತ್ತಿದ್ದರಂತೆ. “ನಿಜಕ್ಕೂ ಸಿಟ್ಟು ಬಂದಿತ್ತಾ, ಸಿಸ್ಟರಿಗೋಸ್ಕರ ಮಾಡಿದ್ದಾ, ಅದೊಂದು ನಂಗೆ ಗೊತ್ತಾಗ್ಬೇಕು. ಆಲ್ಬಮ್ಮಿನಲ್ಲಿ ಮುಖ ಹುಣಸೆಬೀಜದಷ್ಟು ಇತ್ತು. ಎಂತ ಕಾಣ್ತದೆ?”

ನನಗಂತೂ ಆ ಫೋಟೋದ ಬಗ್ಗೆ ಬೇರೆಯದೇ ಹೆಮ್ಮೆ. ಆ ಅಪರೂಪದ ಚಿತ್ರದಲ್ಲಿ ನಾನೂ ಇದ್ದೇನೆ ಎಂದು, ನನ್ನ ಕಂಪ್ಯೂಟರಿಗೆ ಬಂದ ಮೇಲೂ ಅದನ್ನು ತೆರೆದು ನೋಡದೆಯೇ, ಇಡೀ ಜೀವಮಾನ ಹೇಳಿಕೊಂಡು ಬಂದವಳು.

ಅಟ್ಟದಿಂದ ಡಿಸ್ಕು ಇಳಿಯಿತು. ರಫೀಕ್ ಅದನ್ನು ತಿರುಗಿಸಿ ನೋಡಿ, ಮೂಸಿ, “ಅಮ್ಮ, ಇದನ್ನು ಎಂತ ಅಡುಗೆ ಮಾಡಿದ್ರಾ?” ಎಂದು ಕೇಳಿದ. ಹಳೆಯ ಡಿಸ್ಕಿನ ಬೆನ್ನಿಗೆ ಬಾಚಣಿಗೆಯ ಹಾಗೆ ಎರಡು ಸಾಲು ಪಿನ್ನು. ಹೊಸ ಕಂಪ್ಯೂಟರಿನ ಕೇಬಲ್ಲಿಗೆ ಚಪ್ಪಟೆ ಬಾಯಿ. ಎರಡಕ್ಕೂ ಕೂಡಿ ಬರುವುದಿಲ್ಲ. ನಡುವೆ ಅಡಾಪ್ಟರ್ ಎಂಬ ಒಂದು ಚೂರು ಬೇಕು. ಅದನ್ನು ಅವನು ಕುಶಾಲನಗರದಿಂದ ತರಿಸಿಕೊಟ್ಟು, ಜೋಡಿಸುವುದು ಹೇಗೆಂದು ತೋರಿಸಿ, ತಂಗಿಯ ಮದುವೆಗೆ ಹೊರಟುಹೋದ. ಹಾಗಾಗಿ ಸರ್ಜರಿ ನನ್ನ ಪಾಲಿಗೆ ಬಂತು. ಪ್ಲಗ್ ಕಿತ್ತು, ಪೆಟ್ಟಿಗೆಯ ಪಕ್ಕದ ತಗಡು ಜಾರಿಸಿ, ಸ್ಕ್ರೂಡ್ರೈವರ್ ಹಿಡಿದು ಕೂತೆ. ನಮ್ಮವರು ಟಾರ್ಚು ಹಿಡಿದರು. ಹಿಡಿದದ್ದು ನನ್ನ ಕಣ್ಣಿಗೆ. ಒಂದು ಸ್ಕ್ರೂ ಒಳಗೆ ಬಿದ್ದು, ಇಡೀ ಪೆಟ್ಟಿಗೆಯನ್ನು ಮಗುವಿಗೆ ತೇಗು ಬರಿಸುವ ಹಾಗೆ ಹೆಗಲಿಗೆ ಹಾಕಿ ತಟ್ಟಬೇಕಾಯಿತು. ಕೊನೆಗೂ ಹೊಸ ಡಿಸ್ಕಿನ ಕೆಳಗೆ ಹಳೆಯದು ಕೂತಿತು, ಹೊಸ ಸೊಸೆಯ ಅಡುಗೆಮನೆಯಲ್ಲಿ ಅತ್ತೆ ಕೂತ ಹಾಗೆ.

ಅಷ್ಟರಲ್ಲಿ ದೇಚಮ್ಮ ಬಂದೇಬಿಟ್ಟಳು. ಕುಟ್ಟದಿಂದ ಮೈಸೂರಿಗೆ ಹೋಗುವವರು ಯಾರೂ ಸುಂಟಿಕೊಪ್ಪದ ದಾರಿ ಹಿಡಿಯುವುದಿಲ್ಲ. ಈಕೆ ಅಣ್ಣನ ಮಗನ ಕಾರನ್ನು ಇಡೀ ಕೊಡಗು ಸುತ್ತಿಸಿಕೊಂಡು ಬಂದಿದ್ದಳು. ಕೋಲೂರಿಕೊಂಡು ಒಳಗೆ ಬಂದವಳೇ, “ಅಲ್ಲ ಜಾನು, ನಿನ್ನ ಕಂಪ್ಯೂಟರಿನಿಂದ ಪಂದಿಕರಿ ವಾಸನೆ ಎಂತಕ್ಕೆ?” ಎಂದಳು. ನಮ್ಮವರು ಸೀದಾ ಕಾಫಿ ತರಲು ಹೋದರು.

ಸ್ವಿಚ್ ಹಾಕಿದೆ. ಟಕ್. ನನ್ನ ತಲೆ ತಗ್ಗಿತು. ಮತ್ತೆ ಟಕ್. ಮತ್ತೆ ತಗ್ಗಿತು. “ಸಿಸ್ಟರ್ ಒಳಗೇ ಇದ್ದಾರೆ” ಎಂದಳು ದೇಚಮ್ಮ. ಪರದೆಯ ಮೇಲೆ ಒಂದು ಚೌಕ ಮೂಡಿತು. ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಕೆಳಗೆ ಯೆಸ್, ನೋ. ಅಷ್ಟು ಪೊಲೈಟಾಗಿ ಕೇಳಿದ ಮೇಲೆ ನೋ ಎನ್ನುವುದನ್ನು ನಮಗೆ ಕಾನ್ವೆಂಟಿನಲ್ಲಿ ಕಲಿಸಿಯೇ ಇಲ್ಲ. ಬಾಣದ ಗುರುತನ್ನು ಯೆಸ್ ಮೇಲೆ ತಂದೆ.

“ಎಂತ ಕೇಳ್ತದೆ ಅದು?” ಪರದೆ ಕಾಣದ ದೇಚಮ್ಮ ಕೇಳಿದಳು.

“ಏನೋ ಮಾಡ್ಲಾ ಅಂತ ಪರ್ಮಿಷನ್ ಕೇಳ್ತದೆ.”

“ಎಂತ ಅಂತ ಗೊತ್ತುಂಟಾ ನಿಂಗೆ?”

“ಇಲ್ಲ.”

“ಗೊತ್ತಿಲ್ಲದಿದ್ರೆ ನೋ ಹೇಳು.” ಅವಳ ಕೈ ತಡಕಾಡಿ ನನ್ನ ಮಣಿಕಟ್ಟನ್ನು ಹಿಡಿಯಿತು. “ಒಂದ್ಸಲ ನೋ ಹೇಳು ಜಾನು. ಎಂತ ಆಗುದಿಲ್ಲ. ನಾನು ಹೇಳಿ ಬದುಕಿದ್ದೇನಲ್ಲ.”

ಹೇಳಿದೆ. ಫಾರ್ಮ್ಯಾಟ್ ಎಂದರೆ ಒಳಗಿದ್ದುದನ್ನೆಲ್ಲ ಒರೆಸಿ ಹಾಕುವುದೆಂದು ಮದುವೆ ಮುಗಿಸಿ ಬಂದ ರಫೀಕ್ ಆಮೇಲೆ ತಿಳಿಸಿದಾಗ ನಾನು ಒಂದು ಲೋಟ ನೀರು ಕೇಳಿ ಕುಡಿದೆ.

ಪ್ಲಗ್ ಕಿತ್ತು ಡಿಸ್ಕನ್ನು ಮತ್ತೆ ಹೊರಗೆ ತೆಗೆದೆವು. ಬೆಳಕಿಗೆ ಹಿಡಿದರೆ ಪಿನ್ನುಗಳ ಸಂದಿಯಲ್ಲೆಲ್ಲ ಒಲೆಯ ಕರಿ. “ಮಸಿ ಹಿಡ್ದುಟ್ಟು, ಅಷ್ಟೆ” ಎಂದರು ನಮ್ಮವರು, ಮಸಿ ಬೇರೆ ಯಾರದೋ ಮನೆಯದು ಎನ್ನುವ ಹಾಗೆ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಆರಲು ಬಿಟ್ಟು, ಕಾಫಿ ಕುಡಿದು, ಮತ್ತೆ ಜೋಡಿಸಿ ಸ್ವಿಚ್ ಹಾಕಿದೆ. ಈ ಸಲ ಟಕ್ ಇಲ್ಲ. ಸಣ್ಣಗೆ ಗುಂಯ್ ಎಂದು ತಿರುಗಿತು. ಫೋಟೋಗಳು ಸಾಲಾಗಿ ಬಂದವು.

ಬೇಕಾದದ್ದನ್ನು ತೆರೆದೆ. ವಸ್ತ್ರ ಕಟ್ಟಿದ ಅವ್ವ. ಪಕ್ಕದಲ್ಲಿ ಗಣೆ ನೆಟ್ಟಂತೆ ನಿಂತ ದೇಚಮ್ಮ. ಅವಳ ಈಚೆಗೆ, ಅಂಚಿನಲ್ಲಿ, ಒಂದು ಮೊಣಕೈ.

ನಾನು ಕನ್ನಡಕ ಒರೆಸಿಕೊಂಡೆ. ಮೊಣಕೈ ಮೊಣಕೈಯಾಗಿಯೇ ಉಳಿಯಿತು.

“ಫಿಲ್ಮು ತುಂಬುವಾಗ ಕ್ಯಾಮೆರಾ ಟಕ್ ಅಂದದ್ದಕ್ಕೆ ನೀನು ಬಗ್ಗಿದ್ದು” ಎಂದಳು ದೇಚಮ್ಮ, ಪರದೆಯ ಕಡೆಗೆ ನೋಡದೆಯೇ.

“ನಿಂಗೆ ಗೊತ್ತಿತ್ತಾ?”

“ಆಲ್ಬಮ್ ನಮ್ಮನೆಯಲ್ಲಿ ತಾನೇ ಇದ್ದದ್ದು. ನೀನು ಅಷ್ಟು ಖುಷಿಯಲ್ಲಿ ಎಲ್ಲರಿಗೂ ಹೇಳ್ತಿದ್ದಿ, ಯಾಕೆ ಹಾಳು ಮಾಡುದು ಅಂತ. ಅದಿರ್ಲಿ, ಅವ್ವನ್ನ ದೊಡ್ಡದು ಮಾಡು.”

ಮಾಡಿದೆ. ಪರದೆಯ ತುಂಬ ಅವ್ವನ ಮುಖವೇ ಆಗುವವರೆಗೆ ಮಾಡಿದೆ. ದೇಚಮ್ಮ ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿದಳು. ಅವ್ವನ ತುಟಿಗಳು ಬಿಗಿದಿದ್ದವು. ಕೆನ್ನೆ ಮಾತ್ರ ಉಬ್ಬಿತ್ತು. ಕಣ್ಣುಗಳು ಕ್ಯಾಮೆರಾದ ಕಡೆಗಲ್ಲ, ಕೆಳಗೆ, ನಾನು ಬಗ್ಗಿದ ಕಡೆಗಿದ್ದವು. ನಗು ತಡೆಯುವವರ ಮುಖ ಎಂಥದೆಂದು ಬೋರ್ಡಿಂಗಿನಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ಸಿಟ್ಟಿರಲಿಲ್ಲ” ಎಂದಳು ದೇಚಮ್ಮ. ಗಾಜಿನಿಂದ ಮೂಗು ಹಿಂದೆಗೆದು, “ನಿನ್ನನ್ನು ನೋಡಿ ನಗ್ತಾ ಇದ್ದದ್ದು” ಎಂದು ಸೇರಿಸಿದಳು. ಅವಳೂ ತುಟಿ ಬಿಗಿದೇ ಹೇಳಿದಳು. ಕೆನ್ನೆ ಉಬ್ಬಿತ್ತು.

ಆಪರೇಷನ್ ಆಯಿತು. ಒಂದು ಕಣ್ಣು ಸುಮಾರಾಗಿ ಬಂತು ಎಂದು ಅವಳೇ ಫೋನಿನಲ್ಲಿ ಹೇಳಿದಳು. ಹುತ್ತರಿ ಹಬ್ಬಕ್ಕೆ ಬರುತ್ತೇನೆ, ಆ ಮೊಣಕೈಯನ್ನು ಸರಿಯಾಗಿ ನೋಡಬೇಕು ಎಂದಳು. ಹುತ್ತರಿಗೆ ಮುಂಚೆಯೇ, ನಿದ್ದೆಯಲ್ಲಿ, ಯಾರ ಪರ್ಮಿಷನ್ನೂ ಕೇಳದೆ ಹೋದಳು.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಆ ದಿನವೇ, ನಮ್ಮ ಜಗಲಿಯಿಂದ. ಅಣ್ಣನ ಮಗ ಕಾರನ್ನು ತಿರುಗಿಸಿದ್ದ. ಅವಳು ಹಿಂದಿನ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಕಪ್ಪು ಕನ್ನಡಕ ಹಾಕಿಕೊಂಡು, ನನ್ನ ಕಡೆಗೆಂದು ಅಂದಾಜು ಮಾಡಿ ಕಂಬದ ಕಡೆಗೆ ಕೈ ಬೀಸುತ್ತಿದ್ದಳು. ಅವಳ ಪಂದಿಕರಿಯ ಹುಳಿಗೆಂದು ತೆಗೆದಿಟ್ಟ ಕಾಚಂಪುಳಿಯ ಬಾಟ್ಲಿ ಜಗಲಿಯ ಮೋಟುಗೋಡೆಯ ಹಿಂದೆ ಕೆಳಗೆಯೇ ಉಳಿದಿರುವುದು ಆಗ ನೆನಪಾಯಿತು. ಎತ್ತಲು ಬಗ್ಗಿದೆ. ಬಾಟ್ಲಿ ಹಿಡಿದು ಏಳುವಷ್ಟರಲ್ಲಿ ಕಾರು ಗೇಟು ದಾಟಿ ಪೇಟೆಯ ಕಡೆಗೆ ಇಳಿದಿತ್ತು. ಅವಳ ಕಣ್ಣಿಗೆ ಆ ದಿನ ಏನಾದರೂ ಕಂಡಿದ್ದರೆ, ಗೋಡೆಯ ಮೇಲೆ ನನ್ನ ಮೊಣಕೈ ಕಂಡಿರಬೇಕು.