ತನ್ನ ಅವಳಿ ಸೋದರನಿಗಿಂತ ಬೇರೆಯಾಗಲೊಲ್ಲದ ಕಣಕ್ಕೆ

ಮಾನ್ಯರೇ,

ಕಣ್ಣಿಗೆ ಕಾಣದಷ್ಟು ಸಣ್ಣವರಾದರೂ ನನ್ನ ಆರು ವರ್ಷಗಳನ್ನು ನುಂಗಿ ನೀರು ಕುಡಿದಿರುವ ತಮ್ಮ ಪಾದಗಳಿಗೆ, ಪಾದಗಳಿದ್ದಲ್ಲಿ, ಸಾಷ್ಟಾಂಗ ನಮಸ್ಕಾರಗಳು.

ತಾವು ಹುಟ್ಟಿದ ಮರುಕ್ಷಣವೇ ಒಡೆದು ಬೇರೆ ಕಣಗಳಾಗುವವರು. ಅದರಲ್ಲೂ ನನಗೆ ಬೇಕಾದಂತೆ ಒಡೆಯುವುದು ಕೋಟಿಗೊಮ್ಮೆ, ಅದೂ ಮನಸ್ಸು ಬಂದರೆ. ತಮಗೊಬ್ಬ ಅವಳಿಯಿದ್ದಾನೆ, ಪ್ರತಿಕಣ. ವಿಶ್ವದ ಆದಿಯಲ್ಲಿ ಕಣ, ಪ್ರತಿಕಣಗಳ ಎರಡೂ ಬಣಗಳು ಸಮಸಮವಾಗಿದ್ದು, ಒಂದನ್ನೊಂದು ಮುಟ್ಟಿ ಬೂದಿಯೂ ಉಳಿಯದಂತೆ ಹೋಗಬೇಕಿತ್ತೆಂದೂ, ಯಾವುದೋ ಸಣ್ಣ ಪಕ್ಷಪಾತದಿಂದ ನಮ್ಮ ಬಣ ಒಂಚೂರು ಉಳಿದು ಈ ಮೇಜು, ಈ ಕುರ್ಚಿ, ನಾನು ಎಲ್ಲ ಆದೆವೆಂದೂ ಬಲ್ಲವರು ಹೇಳುತ್ತಾರೆ. ಆ ಪಕ್ಷಪಾತ ತಾವು ಒಡೆಯುವಾಗ ಸಿಕ್ಕಿಬೀಳುತ್ತದೆಂದು ನಂಬಿ ಎರಡೂ ಕಡೆಯವರನ್ನು ಎಣಿಸುತ್ತಾ ಕೂತವಳು ನಾನು.

ನಮ್ಮಲ್ಲೊಂದು ಪದ್ಧತಿಯಿದೆ. ಎಣಿಸುವವರಿಗೆ ಆಸೆ ಹತ್ತಬಾರದೆಂದು ಕಂಪ್ಯೂಟರ್ ಉತ್ತರವನ್ನು ಬಚ್ಚಿಡುತ್ತದೆ. ಲೆಕ್ಕದ ವಿಧಾನವನ್ನು ಎಲ್ಲರೂ ಒಪ್ಪಿದ ಮೇಲೇ ಪರದೆ ತೆಗೆಯುವುದು. ಹೋದ ವಾರ ಪರದೆ ತೆಗೆದಾಗ ಕಂಡ ವ್ಯತ್ಯಾಸಕ್ಕೆ, ಎಂದೂ ನಗದ ನಮ್ಮ ಗುರುಗಳು ನಕ್ಕರು. ನಾನು ಅಮ್ಮನಿಗೆ ಫೋನ್ ಮಾಡಿದೆ. ನನಗೂ ಒಬ್ಬಳು ಅವಳಿ ತಂಗಿಯಿರುವುದರಿಂದ ಅವರು, "ನಿಮ್ಮಿಬ್ಬರನ್ನ ಹುಟ್ಟಿದ ದಿನವೇ ಗುರುತು ಹಿಡಿದಿದ್ದೆ, ನಿನಗೆ ಆರು ವರ್ಷ ಬೇಕಾಯ್ತಲ್ಲೇ" ಎಂದರು.

ಆ ಸಂಭ್ರಮ ಸಂಜೆಯವರೆಗಷ್ಟೇ. ನಮ್ಮ ಯಂತ್ರದ ಅಯಸ್ಕಾಂತ ತಮ್ಮ ಚೂರುಗಳನ್ನು ಎಡಕ್ಕೂ ಅವಳಿಯ ಚೂರುಗಳನ್ನು ಬಲಕ್ಕೂ ಬಾಗಿಸುತ್ತದೆ. ಚೂರುಗಳನ್ನು ಎಣಿಸುವ ಯಂತ್ರದ ಒಂದು ಕಡೆಯ ಕಣ್ಣು ಮಂದವಾಗಿದ್ದರೆ ಮೋಸವಾಗಬಾರದೆಂದು ಆಗಾಗ ಅದರ ದಿಕ್ಕು ಬದಲಿಸುತ್ತೇವೆ. ಎರಡು ದಿಕ್ಕಿನ ಎಣಿಕೆಗಳನ್ನು ಹೋಲಿಸುವುದು ಇಲ್ಲಿನ ಮೊದಲ ಪಾಠ. ಉತ್ತರವನ್ನು ಇಣುಕಿ ನೋಡಿದಂತಾದೀತೆಂಬ ಅತಿ ಪ್ರಾಮಾಣಿಕತೆಯಲ್ಲಿ ನಾನು ಆ ಹೋಲಿಕೆಯನ್ನೂ ಬಚ್ಚಿಟ್ಟಿದ್ದೆ. ಆ ಸಂಜೆ ತೆಗೆದು ನೋಡಿದರೆ, ದಿಕ್ಕು ಬದಲಾದಾಗ ವ್ಯತ್ಯಾಸವೂ ತಿರುಗಿ ನಿಂತಿತ್ತು. ಪಕ್ಷಪಾತಿ ತಾವಲ್ಲ, ನಮ್ಮ ಯಂತ್ರದ ಬಲಗಣ್ಣು. ಒಂದೇ ದಿಕ್ಕಿನಲ್ಲಿ ಹೆಚ್ಚು ಎಣಿಸಿದ್ದರಿಂದ ಅದರ ದೋಷ ತಮ್ಮ ತಲೆಗೆ ಬಂದಿತ್ತು.

ಪಕ್ಕದ ಮೇಜಿನ ಗೆಳೆಯ, "ಒಂದೇ ದಿಕ್ಕಿನದ್ದು ತೋರಿಸಿಬಿಡು, ಯಾರು ಕೇಳ್ತಾರೆ" ಎಂದ. ನನಗೆ ಮನಸ್ಸು ಬರಲಿಲ್ಲ. ನಾಳೆ ಪಿಎಚ್.ಡಿ. ಪದವಿ ಸಮಿತಿಯ ಮುಂದೆ "ವ್ಯತ್ಯಾಸ ಕಂಡಿಲ್ಲ" ಎಂದೇ ಹೇಳಬೇಕು, ಹೇಳಿದರೆ ಪದವಿ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಅಣ್ಣತಮ್ಮಂದಿರು ಒಂದು ಗೋಡೆಗಾಗಿ ಕೋರ್ಟು ಹತ್ತುವ ಈ ಕಾಲದಲ್ಲಿ ತಮ್ಮ ಒಗ್ಗಟ್ಟು ಪ್ರಶಂಸನೀಯ. ಆದರೂ ದಯಮಾಡಿ ಬೆಳಗಾಗುವುದರೊಳಗೆ ಅವಳಿಯೊಂದಿಗೆ ಸಣ್ಣದೊಂದು ಜಗಳವಾಡಬೇಕು; ಸಮಯ ಸಾಲದಿದ್ದರೆ ಹಿಂದಿನ ತಾರೀಖು ಹಾಕಿಯಾದರೂ ಆಡಬೇಕು. ತಾವಿಬ್ಬರೂ ಎಲ್ಲದರಲ್ಲೂ ಸಮವೇ ಆಗಿದ್ದರೆ ಎಲ್ಲವೂ ಆದಿಯಲ್ಲೇ ಅಳಿದು ಆ ಸಮಿತಿಯೇ ಇರಬಾರದಿತ್ತು. ಈ ತರ್ಕವನ್ನು ಅವರ ಮುಂದಿಡುವ ಧೈರ್ಯ ನನಗಿಲ್ಲ.

ತಮ್ಮ ವಿಶ್ವಾಸಿ,
ಸದ್ಯಕ್ಕೆ ಅಸ್ತಿತ್ವದಲ್ಲಿರುವ ಎಣಿಸುವವಳು

ವಿ.ಸೂ.: ಇದೇ ಪತ್ರವನ್ನು ಅಕ್ಷರ ಬಿಡದೆ ತಮ್ಮ ಅವಳಿ ಸೋದರನಿಗೂ ಕಳಿಸಿದ್ದೇನೆ. ಇಬ್ಬರಲ್ಲಿ ಯಾರು ಮೊದಲು ಉತ್ತರಿಸಿದರೂ ಅದನ್ನೇ ವ್ಯತ್ಯಾಸವೆಂದು ಸಮಿತಿಗೆ ಒಪ್ಪಿಸುತ್ತೇನೆ. ಇಬ್ಬರೂ ಸಮಸಮವಾಗಿ ಸುಮ್ಮನಿದ್ದರೆ, ವ್ಯತ್ಯಾಸ ಕಂಡಿಲ್ಲವೆಂಬ ನನ್ನ ಪ್ರಬಂಧ ಸರಿಯೆಂದು ತಾವೇ ಸಹಿ ಹಾಕಿದಂತೆ.